ದ್ಯಾವಣ್ಣನ ದಾರಿ ವಂತಿಗೆ

ದ್ಯಾವಣ್ಣ ದಾರಿಗೆ ಅಡ್ಡ ನಿಂತನೆಂದರೆ ಎಮ್ಮೆ ನಿಂತ ಹಾಗೆ. ಹಾರ್ನಿಗೆ ಜಗ್ಗುವವನಲ್ಲ, ಬೈದರೆ ಕದಲುವವನಲ್ಲ. ಲುಂಗಿಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿ, ಬಾಯ್ತುಂಬ ಕವಳ ತುಂಬಿಕೊಂಡು, ನನ್ನ ಕಾರಿನ ಬಾನೆಟ್ಟಿನ ಮೇಲೆ ಎರಡೂ ಅಂಗೈ ಊರಿ ನಿಲ್ಲುತ್ತಿದ್ದ. ಶಾಲೆಗೆ ಹೊತ್ತಾಯಿತೆಂದು ನಾನು ಗಾಜು ಇಳಿಸಿ ಕೂಗಿದರೆ, ಮೊದಲು ಕವಳ ಉಗಿಯಬೇಕು, ಆಮೇಲೆ ಮಾತು.

"ಅಕ್ಕೋರೆ, ನಿಮ್ಮ ಬ್ಯಾಟ್ರಿ ಗಾಡಿ ಆಕಾಶದಲ್ಲಿ ಹಾರಿ ಹೋಗ್ತದ್ಯಾ? ನಮ್ಮ ದಾರಿ ಮೇಲೇ ಅಲ್ವಾ?"

ಅವನನ್ನು ಪ್ರೀತಿಯಿಂದ ನೆನೆಯುತ್ತೇನೆ ಎಂದರೆ ಸುಳ್ಳಾದೀತು. ಸಿಟ್ಟಿನಿಂದಲೇ ನೆನೆಯುತ್ತೇನೆ. ಆದರೆ ನೆನೆಯದ ದಿನವಿಲ್ಲ.

ನಮ್ಮ ಕೇರಿಗೆ ಬರಬೇಕಾದರೆ ಹೆಗ್ಗರಣೆಯ ಡಾಂಬರು ರಸ್ತೆ ಬಿಟ್ಟು ಮಣ್ಣಿನ ದಾರಿಗೆ ಇಳಿಯಬೇಕು. ಅದು ಸರ್ಕಾರದ ದಾರಿಯಲ್ಲ. ಹಿರಿಯರು ತಮ್ಮ ತಮ್ಮ ಜಾಗ ಬಿಟ್ಟುಕೊಟ್ಟು ಮಾಡಿಕೊಂಡದ್ದು. ನಡುವೆ ಒಂದು ಹಳ್ಳ, ಅದಕ್ಕೊಂದು ಮೋರಿ. ಮಳೆಗೆ ಮುಂಚೆ ಮೋರಿಯ ಹೂಳು ತೆಗೆಯಬೇಕು, ಮಳೆ ಮುಗಿದ ಮೇಲೆ ಹೊಂಡಗಳಿಗೆ ಕಲ್ಲುಮಣ್ಣು ತುಂಬಬೇಕು. ಒಂದು ವರ್ಷ ಮರೆತರೂ ದಾರಿ ಕೊಚ್ಚಿಹೋಗುತ್ತದೆ ಎನ್ನುವುದು ಕೇರಿಯ ಮಕ್ಕಳಿಗೂ ಗೊತ್ತು. ಈ ಕೆಲಸವನ್ನೆಲ್ಲ ಮಾಡಿಸುತ್ತಿದ್ದವನು ದ್ಯಾವಣ್ಣ.

ದಾರಿ ಶುರುವಾಗುವಲ್ಲೇ ಅವನ ಅಂಗಡಿ. ಸಿದ್ದಾಪುರದಿಂದ ಕ್ಯಾನಿನಲ್ಲಿ ಪೆಟ್ರೋಲು ತಂದು, ಜ್ಯೂಸಿನ ಹಳೆಯ ಬಾಟಲಿಗಳಲ್ಲಿ ತುಂಬಿ ಸಾಲಾಗಿ ಇಟ್ಟಿರುತ್ತಿದ್ದ. ಹಾಗೆ ಮಾರುವುದು ಸರಿಯಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಕೊಳ್ಳುತ್ತಿದ್ದರು. ಬಂಕಿನ ದರಕ್ಕಿಂತ ಸ್ವಲ್ಪ ಹೆಚ್ಚು ಹಿಡಿಯುತ್ತಿದ್ದ. ಆ ಹೆಚ್ಚಿನದ್ದೇ ದಾರಿಯ ವಂತಿಗೆ. ಹೆಚ್ಚು ಓಡಾಡುವವನು ಹೆಚ್ಚು ಬಾಟಲಿ ಕೊಳ್ಳುತ್ತಿದ್ದ, ಹೆಚ್ಚು ಕೊಡುತ್ತಿದ್ದ. ಕೊಟ್ಟದ್ದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಹಾಗಾಗಿ ಜಗಳವೂ ಇರಲಿಲ್ಲ.

ಆಮೇಲೆ ಬ್ಯಾಟರಿ ಗಾಡಿಗಳು ಬಂದವು. ಮೊದಲು ಸೊಸೈಟಿಯ ಗುಮಾಸ್ತರ ಸ್ಕೂಟರು, ನಂತರ ಇನ್ನೆರಡು ಮನೆಯವರದು, ಕೊನೆಗೆ ನನ್ನ ಕಾರು. ಮನೆಯಲ್ಲೇ ಚಾರ್ಜು, ಬಾಟಲಿಯ ಗೊಡವೆಯೇ ಇಲ್ಲ. ದ್ಯಾವಣ್ಣನ ವ್ಯಾಪಾರ ಇಳಿಯಿತು, ಹೊಂಡಗಳು ಇಳಿಯಲಿಲ್ಲ. ಅವನು ಬಾಟಲಿಯ ದರ ಏರಿಸಿದ. ಈಗ ಪೆಟ್ರೋಲು ಹಾಕಿಸುವವರೆಂದರೆ ಹಳೆಯ ಬೈಕಿನವರು ಮಾತ್ರ. ಅವರಲ್ಲಿ ಗಣಪ ಎಂಬ ಅಡಿಕೆ ಕೊನೆ ಕೊಯ್ಯುವವನು ಬಾಯಿ ಜೋರಿನವನು. ಅಂಗಡಿಯ ಮುಂದೆಯೇ ಬಾಟಲಿ ಕುಕ್ಕಿ, "ಅಕ್ಕೋರ ಕಾರು ಓಡಾಡೂಕೆ ನಾ ಎಂತಕ್ಕೆ ದಾರಿ ಮಾಡ್ಸಬೇಕು?" ಎಂದು ಕೂಗಿದ. ನಾನು ಅಲ್ಲೇ ಇದ್ದೆ. ದ್ಯಾವಣ್ಣ ನನ್ನತ್ತ ತಿರುಗಿ, "ಹೇಳ್ರಿ ಈಗ, ಅವಂಗೆ ಎಂತ ಹೇಳೂದು?" ಎಂದ.

ನನಗೆ ಮೈಯೆಲ್ಲ ಉರಿಯಿತು. "ಸರ್ಕಾರವೇ ಬ್ಯಾಟರಿ ಗಾಡಿಗೆ ರಸ್ತೆ ತೆರಿಗೆ ಬಿಟ್ಟಿದೆ. ಕೇಳಲಿಕ್ಕೆ ನೀ ಯಾರು?" ಎಂದೆ.

"ಸರ್ಕಾರ ನಮ್ಮ ಮೋರಿ ನೋಡಲಿಲ್ಲ, ಅದಕ್ಕೆ ಬಿಟ್ಟದೆ. ನಾ ದಿನಾ ನೋಡ್ತೆ, ಬಿಡೂದಿಲ್ಲ."

ಅವನ ಅಂಗಡಿಯ ಜಗುಲಿಯಲ್ಲೇ ಸಭೆ ಸೇರಿತು. ಚಕ್ರಕ್ಕೆ ಇಷ್ಟು ಎಂದರೆ ಆಟೋದವನು ಎದ್ದ. ತೂಕಕ್ಕೆ ಇಷ್ಟು ಎಂದರೆ ಬ್ಯಾಟರಿ ಭಾರವೆಂದು ನಾನು ಎದ್ದೆ. ಓಡಿದ ಕಿಲೋಮೀಟರಿಗೆ ಇಷ್ಟು ಎಂದರೆ, ನಮ್ಮ ಗಾಡಿಯ ಮೀಟರು ನೋಡಲು ಇವನ್ಯಾರು ಎಂದು ಗುಮಾಸ್ತರು ಎದ್ದರು. ಮನೆಗೆ ಸಮಪಾಲು ಎಂದರೆ ಗಾಡಿಯೇ ಇಲ್ಲದ ಮುದುಕಿಯೊಬ್ಬಳು ಶಾಪ ಹಾಕಿದಳು. ಈಗ ಟೀವಿಯಲ್ಲಿ ದೊಡ್ಡ ದೊಡ್ಡವರು ಕೋಟು ಹಾಕಿ ಕೂತು, ಪೆಟ್ರೋಲಿನ ತೆರಿಗೆ ಕರಗಿದರೆ ರಸ್ತೆಗೆ ಹಣ ಎಲ್ಲಿಂದ ತರೋಣ ಎಂದು ಚರ್ಚಿಸುವುದನ್ನು ಕಂಡಾಗ ನನಗೆ ನಗು ಬರುತ್ತದೆ. ಅವರು ಆಡುವುದನ್ನೆಲ್ಲ ನಾವು ಆ ಜಗುಲಿಯಲ್ಲಿ ಆಡಿ, ಕಿತ್ತಾಡಿ, ಚಾ ಕುಡಿದು ಎದ್ದು ಬಂದಿದ್ದೆವು.

ಮಾತಿನಲ್ಲಿ ಆಗದ್ದನ್ನು ದ್ಯಾವಣ್ಣ ಬಿದಿರಿನಲ್ಲಿ ಮಾಡಲು ಹೊರಟ. ತೋಟಕ್ಕೆ ದನ ನುಗ್ಗದಂತೆ ಹಾಕುವ ಉಣಗೋಲನ್ನು ದಾರಿಗೇ ಹಾಕಿದ. ಎರಡು ಕಂಬ, ಅಡ್ಡಕ್ಕೆ ಮೂರು ಗಳ. ವಂತಿಗೆ ಕೊಟ್ಟವರಿಗೆ ತಾನೇ ಬಂದು ಗಳ ಸರಿಸುತ್ತಿದ್ದ. ಕೊಡದವರು ಇಳಿದು, ಸರಿಸಿ, ದಾಟಿ, ಮತ್ತೆ ಇಳಿದು ಹಾಕಿ ಹೋಗಬೇಕು. ಹಾಕದೆ ಹೋದರೆ ಅವನ ಬೈಗುಳ ಡಾಂಬರು ರಸ್ತೆಯ ತನಕ ಬೆನ್ನಟ್ಟಿ ಬರುತ್ತಿತ್ತು. ನನ್ನ ಸೀರೆಯ ಸೆರಗು ಬಿದಿರಿನ ಸಿಬಿರಿಗೆ ಸಿಕ್ಕಿ ಹರಿದಾಗ ಅವನು ಅಂಗಡಿಯಲ್ಲಿ ಕೂತು ನಕ್ಕದ್ದನ್ನು ನಾನು ಕ್ಷಮಿಸಿಲ್ಲ. ಆದರೆ ಒಂದು ಸಂಗತಿ ಅವನ ತಲೆಗೆ ಹೊಳೆದಿರಲಿಲ್ಲ. ಬಾಟಲಿಯಲ್ಲೇ ವಂತಿಗೆ ಕೊಟ್ಟಿದ್ದ ಬೈಕಿನವರೂ ಅವನು ಎದ್ದು ಬರುವ ತನಕ ಕಾಯಬೇಕಾಯಿತು. ಊಟಕ್ಕೆ ಕೂತಿದ್ದರೆ ಕೇಳುವುದೇ ಬೇಡ. ತನ್ನ ಪರವಾಗಿದ್ದವರನ್ನೂ ಅವನು ಎದುರು ಹಾಕಿಕೊಂಡ.

ಒಂದು ಬೆಳಿಗ್ಗೆ ಗಳಗಳೆಲ್ಲ ಹಳ್ಳದಲ್ಲಿ ಬಿದ್ದಿದ್ದವು. ಯಾರ ಕೆಲಸವೋ ಇವತ್ತಿಗೂ ಗೊತ್ತಿಲ್ಲ. ದ್ಯಾವಣ್ಣ ನೆಟ್ಟಗೆ ನಮ್ಮ ಅಂಗಳಕ್ಕೆ ಬಂದ.

"ಒಗೆದೋರು ಯಾರಾದ್ರೂ ಆಗ್ಲಿ ಅಕ್ಕೋರೆ. ಇನ್ನು ನಾ ಮೋರಿಗೆ ಗುದ್ದಲಿ ಮುಟ್ಸೂದಿಲ್ಲ."

"ಬೇಡ. ನಿನ್ನ ಕಾಲು ಹಿಡಿದವರು ಯಾರು?" ಎಂದೆ.

ಒಳಗಿನಿಂದ ನಮ್ಮವರು, "ಅಂವಂಗೆ ಹೊಟ್ಟೆಕಿಚ್ಚು, ನೀ ಸುಮ್ನಿರು" ಎಂದರು. ಅದು ಅವನಿಗೂ ಕೇಳಿಸಿತು. ಅಂಗಳದ ಅಂಚಿಗೆ ಕವಳ ಉಗಿದು ಹೋದ. ಮಾತಿಗೆ ತಪ್ಪುವವನಲ್ಲ, ಆ ಬೇಸಗೆಯಲ್ಲಿ ಮೋರಿಯ ಕಡೆ ತಲೆ ಹಾಕಲಿಲ್ಲ. ಅವನು ಮಾಡುವುದಿಲ್ಲವೆಂದ ಮೇಲೆ ಉಳಿದವರು ಮಾಡಿದರೆ ಸೋತಂತೆ, ಹಾಗಾಗಿ ನಾವೂ ಮಾಡಲಿಲ್ಲ. ಆಷಾಢದಲ್ಲಿ ಹಳ್ಳ ಮೋರಿಯ ಮೇಲೆ ಹತ್ತಿ ಹರಿದು ದಾರಿಯನ್ನು ಎರಡು ತುಂಡು ಮಾಡಿತು. ನಾನು ಕಾರನ್ನು ಶಾಲೆಯಲ್ಲೇ ಚಾರ್ಜಿಗೆ ಹಾಕಿ, ಆಚೆ ಬದಿಯಲ್ಲಿ, ಅವನ ಅಂಗಡಿಯ ಹತ್ತಿರವೇ ನಿಲ್ಲಿಸಿ ನಡೆದು ಬರತೊಡಗಿದೆ.

ಶ್ರಾವಣದ ಒಂದು ಬೆಳಿಗ್ಗೆ ದ್ಯಾವಣ್ಣನಿಗೆ ಎದೆನೋವು ಬಂತು. ಅವನ ಮನೆ ಕೇರಿಯೊಳಗೆ, ಹಳ್ಳದ ಈಚೆ. ಗಣಪ ಮತ್ತು ಮೂವರು ಅವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಕೊರಕಲಿಗೆ ಇಳಿದರು. ಹಿಂದಿನ ರಾತ್ರಿಯ ಮಳೆಗೆ ಸೊಂಟದ ತನಕ ನೀರು. ಒಬ್ಬನ ಕಾಲು ಜಾರಿ, ಮತ್ತೆ ಹಿಂದೆ ಬಂದು, ಇಳಿತ ಕಡಿಮೆಯಿರುವ ಕಡೆ ಹುಡುಕಿ ದಾಟಿಸುವಷ್ಟರಲ್ಲಿ ಬಹಳ ಹೊತ್ತು ಹೋಯಿತು. ಆಚೆ ನನ್ನ ಕಾರಿತ್ತು, ನಾನೂ ಅವರ ಹಿಂದೆಯೇ ದಾಟಿದ್ದೆ. ಹಿಂದಿನ ಸೀಟಿನಲ್ಲಿ ಹೆಂಡತಿ ಲಕ್ಷ್ಮಿಯ ತೊಡೆಯ ಮೇಲೆ ಅವನನ್ನು ಮಲಗಿಸಿ ಶಿರಸಿಗೆ ಹೊರಟೆ.

ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. ಸಾಯುವ ಹಾಗಿದ್ದ ಮನುಷ್ಯನೊಡನೆ ಜಗಳಕ್ಕೆ ನಿಂತೆ. "ಇಷ್ಟು ವರ್ಷ ಮಾಡಿದವನು ಈ ವರ್ಷ ಯಾಕೆ ಬಿಟ್ಟೆ ಮಾರಾಯ?"

ಕನ್ನಡಿಯಲ್ಲಿ ಅವನ ಕಣ್ಣು ಅರೆ ತೆರೆದದ್ದು ಕಂಡಿತು. "ನೀವ್ ಕೊಡ್ಲಿಲ್ಲ, ನಾ ಮಾಡ್ಲಿಲ್ಲ" ಎಂದ. ಉಸಿರು ಎಳೆದುಕೊಂಡು, "ಇಬ್ರೂ ಗೆದ್ವಿ ಅಕ್ಕೋರೆ" ಎಂದ.

ಮತ್ತೆ ಮಾತಾಡಲಿಲ್ಲ. ಇನ್ನಷ್ಟು ಬೇಗ ತಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಲಕ್ಷ್ಮಿಗೆ ಹೇಳಿದರು. ಅವಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಮಳೆಗಾಲ ಕಳೆದು ಅಂಗಡಿಯ ಜಗುಲಿಯಲ್ಲಿ ಮತ್ತೆ ಸೇರಿದೆವು. ಅಂಗಡಿಗೆ ಬೀಗ ಬಿದ್ದಿತ್ತು. ಗುಮಾಸ್ತರು, ಗಣಪ, ನಾನು, ಎಲ್ಲರೂ ಮೆತ್ತಗೆ, ಮರ್ಯಾದೆಯಿಂದ ಮಾತಾಡಿದೆವು. ಒಬ್ಬರೂ ದನಿ ಏರಿಸಲಿಲ್ಲ. ಕೊನೆಗೆ ಗುಮಾಸ್ತರೇ ಲೆಕ್ಕ ಬಗೆಹರಿಸಿದರು: ಪೆಟ್ರೋಲಿನದಾಗಲಿ ಬ್ಯಾಟರಿಯದಾಗಲಿ, ಈಗ ಎಲ್ಲರ ಗಾಡಿಯೂ ಆಚೆಯೇ ನಿಲ್ಲುತ್ತದೆ, ದಾರಿಯ ಮೇಲೆ ಓಡಿಸುವವರೇ ಇಲ್ಲವಾದ್ದರಿಂದ ಯಾರೂ ಏನೂ ಕೊಡಬೇಕಾಗಿಲ್ಲ. ಎಲ್ಲರೂ ತಲೆಯಾಡಿಸಿದರು. ಆಮೇಲೆ ಒಬ್ಬೊಬ್ಬರಾಗಿ ಚಪ್ಪಲಿ ಕೈಯಲ್ಲಿ ಹಿಡಿದು ಕೊರಕಲಿಗೆ ಇಳಿದೆವು.