ಪಾಠಕ್ಕಿಂತ ಮೊದಲು ಕೇಳುವ ಸಾಲು

‘ಈ ವಾರ ನೀವು ಕೈಹಿಡಿಯದಿದ್ದರೆ ಈ ಪಾಠಗಳು ನಿಂತುಹೋಗುತ್ತವೆ.’ ನಮ್ಮ ವೆಬ್‌ಸೈಟಿನ ನೆತ್ತಿಯ ಮೇಲೆ ಕೆಂಪು ಬ್ಯಾನರ್ ಆಗಿ ಹಾಕಬೇಕೆಂದು ಮೇಡಂ ಬರೆದುಕೊಂಡು ಬಂದ ಸಾಲು ಇದು. ಕಣ್ಣು ಕಾಣದವರಿಗಾಗಿ ಪಿಯುಸಿ ಪಾಠಗಳನ್ನು ಗಟ್ಟಿಯಾಗಿ ಓದಿ, ಧ್ವನಿ ಮುದ್ರಿಸಿ, ಯಾರು ಬೇಕಾದರೂ ಕೇಳುವಂತೆ ಇಡುವ ಬಳಗ ನಮ್ಮದು. ಬಳಗವೆಂದರೆ ಮೂವರು. ಓದುವುದಕ್ಕೆ ಕೆ.ಆರ್. ನಗರದ ಈ ನಿವೃತ್ತ ಕನ್ನಡ ಮೇಡಂ ಮತ್ತು ನಾನು. ವೆಬ್‌ಸೈಟ್ ನೋಡಿಕೊಳ್ಳುವುದಕ್ಕೆ ಹುಣಸೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಅಣ್ಣ. ಭಾನುವಾರ ಅವನ ಅಂಗಡಿಯಲ್ಲೇ ಸೇರುತ್ತೇವೆ.

ಆ ಸಾಲಿಗೆ ನಾನು ತಕರಾರು ತೆಗೆದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು. ಇಲ್ಲಿ ಯಾರೂ ಚೀಟಿ ಹಾಕಿರಲಿಲ್ಲ, ಆದರೂ ವಿರೋಧಕ್ಕೆ ನಿಂತೆ. ವೆಬ್‌ಸೈಟನ್ನು ಇಂಟರ್ನೆಟ್ಟಿನಲ್ಲಿ ಇಟ್ಟಿರುವುದಕ್ಕೆ ಕಂಪನಿಗೆ ಕೊಡುವ ಬಾಡಿಗೆ ಕಟ್ಟಲು ಇನ್ನೂ ಸಮಯವಿತ್ತು. ಈ ವಾರ ಏನೂ ನಿಲ್ಲುತ್ತಿರಲಿಲ್ಲ. ಇದು ಹೆದರಿಸಿ ವಸೂಲಿ ಮಾಡುವುದಲ್ಲದೆ ಮತ್ತೇನು ಎಂದು ಕೇಳಿದೆ. ಮೇಡಂ ಕನ್ನಡಕ ಒರೆಸಿಕೊಳ್ಳುತ್ತ, ಹೋದ ಸಲ ನಾನೇ ಬರೆದಿದ್ದ ಸಭ್ಯ ಮನವಿಯನ್ನು ನೆನಪಿಸಿದರು. ಅದಕ್ಕೆ ಲೈಕುಗಳು ಬಂದಿದ್ದವು, ಅಷ್ಟೇ.

“ಸುಳ್ಳಲ್ಲ ಕಣಪ್ಪ. ಮುಂದೆ ಆಗೋದನ್ನ ಈಗ್ಲೇ ಹೇಳ್ತಿದೀನಿ.”

“ಹಂಗಾದ್ರೆ ನಾವು ಮೂರು ಜನ ಸತ್ತೋದ್ವಿ ಅಂತಾನೂ ಈಗ್ಲೇ ಹಾಕ್ಬೋದಲ್ಲ ಮೇಡಂ?”

ಅಂಗಡಿಯ ಅಣ್ಣ ನನ್ನ ಮಾತಿಗೆ ನಕ್ಕ. ಕೈ ಎತ್ತಿದ್ದು ಮಾತ್ರ ಮೇಡಂ ಕಡೆಗೆ. ಬ್ಯಾನರ್ ಏರಿತು.

ಆಮೇಲೊಂದು ಮಧ್ಯಾಹ್ನ ಬೀಚನಹಳ್ಳಿಯಿಂದ ನನಗೆ ಫೋನು ಬಂತು. ಕೇಳುಗರಿಗಾಗಿ ಸೈಟಿನಲ್ಲಿ ಕೊಟ್ಟಿದ್ದು ನನ್ನ ನಂಬರು. ಮಾತಾಡಿದಾಕೆಯ ಕಣ್ಣು ಮದುವೆಯಾದ ಮೇಲೆ ಮಂಜಾಗುತ್ತ ಬಂದು ಪೂರ್ತಿ ಹೋಗಿತ್ತು. ಗಂಡ ಅಲ್ಲೇ ರೆಸಾರ್ಟಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ. ಮದುವೆಗೆಂದು ಬಿಟ್ಟಿದ್ದ ಪಿಯುಸಿಯನ್ನು ಈ ವರ್ಷ ಮುಗಿಸಲೇಬೇಕೆಂದು ಆಕೆ ಪರೀಕ್ಷೆಗೆ ಕಟ್ಟಿದ್ದರು.

“ಪಾಠ ನಿಂತೋಯ್ತದಂತಲ್ಲ ತಮ್ಮ. ಒಂದೊಂದ್ ಪಾಠಕ್ಕೂ ಮುಂಚೆ ಅದ್ನೇ ಏಳ್ತದೆ ಫೋನು. ನನ್ ಪರೀಕ್ಷೆಗಂಟನಾದ್ರೂ ಇರ್ತದಾ?”

ಕಣ್ಣಿರುವವರು ಬ್ಯಾನರಿನ ಮೂಲೆಯ ಗುಣಾಕಾರದ ಗುರುತನ್ನು ಒತ್ತಿ, ಅದನ್ನು ಮುಚ್ಚಿ ಮುಂದೆ ಹೋಗುತ್ತಾರೆ. ಆಕೆಯ ಫೋನು ಪರದೆಯ ಮೇಲಿರುವುದನ್ನೆಲ್ಲ ಮೇಲಿನಿಂದ ಓದಿ ಹೇಳುವಂಥದ್ದು. ದಾನಿಗಳಿಗೆಂದು ಬರೆದ ಬೆದರಿಕೆ ಪ್ರತಿ ಪಾಠಕ್ಕೂ ಮೊದಲು ಆಕೆಯ ಕಿವಿಗೆ ಬೀಳುತ್ತಿತ್ತು. ಕಣ್ಣು ಕಾಣದವರಿಗೆಂದೇ ಕೆಲಸ ಮಾಡುವ ನಾವು, ಆ ಬ್ಯಾನರನ್ನು ಕಣ್ಣಿಂದ ನೋಡಿಯೇ ಜಗಳವಾಡಿದ್ದೆವು. ಆಕೆ ಹೆದರಿ ಸಿಕ್ಕಷ್ಟು ಪಾಠಗಳನ್ನು ಫೋನಿಗೆ ಇಳಿಸಿಕೊಳ್ಳುತ್ತ ಕೂತಿದ್ದರಂತೆ. ಒಂದನ್ನೂ ಕೇಳುವುದಕ್ಕೆ ಪುರುಸೊತ್ತಾಗಿರಲಿಲ್ಲ.

ಈ ವಾರ ಏನೂ ನಿಲ್ಲುವುದಿಲ್ಲ ಎಂದು ಸಮಾಧಾನ ಹೇಳಿದೆ. ಜೊತೆಗೆ, ಸಾಕ್ಷಿ ಸಿಕ್ಕಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಆಕೆಯನ್ನು ಒಪ್ಪಿಸಿ, ಭಾನುವಾರ ಅಂಗಡಿಯಲ್ಲಿ ಮೇಡಂ ಎದುರಿಗೇ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಆಕೆ ನಡೆದದ್ದನ್ನೆಲ್ಲ ಹೇಳಿದರು. ಹಾಗಾದರೆ ಬ್ಯಾನರ್ ತೆಗೆದುಬಿಡೋಣವಾ ಎಂದು ನಾನು ಆಕೆಯನ್ನೇ ಕೇಳಿದೆ.

“ತೆಗಿಬ್ಯಾಡಿ, ಇರ್ಲಿ ಬುಡಿ. ನಾನ್ ಎದರ್ಕೊಂಡ್ರೆ ಎದರ್ಕೊತೀನಿ. ದುಡ್ ಬರ್ದೆ ಪಾಠನೇ ನಿಂತೋದ್ರೆ ಏನ್ ಮಾಡ್ಲಿ?”

ನನ್ನ ಸಾಕ್ಷಿ ನನ್ನ ಕಣ್ಣೆದುರೇ ಎದುರು ಪಕ್ಷಕ್ಕೆ ಹೋಯಿತು. ಅಣ್ಣ ಬೇಕೆಂದೇ ನನ್ನ ಮುಖ ನೋಡಿದ. ಗೆದ್ದ ಮೇಡಂ ಮಾತ್ರ ಗೆದ್ದವರಂತೆ ಕಾಣಲಿಲ್ಲ. ಫೋನನ್ನು ಹತ್ತಿರಕ್ಕೆ ಎಳೆದುಕೊಂಡು, ಎಲ್ಲಿಯವರೆಗೆ ಓದಿದ್ದೀಯಮ್ಮ, ಯಾವುದು ಕಷ್ಟವಾಗುತ್ತದೆ ಎಂದೆಲ್ಲ ವಿಚಾರಿಸಿದರು. ಹಳಗನ್ನಡದ ಪದ್ಯ ಎಂದರು ಆಕೆ. ಅದನ್ನು ಇನ್ನೊಮ್ಮೆ ನಿಧಾನವಾಗಿ ಓದಿ ಹಾಕುತ್ತೇನೆ ಎಂದು ಹೇಳಿ ಫೋನಿಟ್ಟ ಮೇಲೆ ಮೇಡಂ ಅಣ್ಣನ ಕಡೆ ತಿರುಗಿದರು.

“ತೆಗಿಯಪ್ಪ ಅದನ್ನ.”

ಬಾಡಿಗೆ ಯಾರು ಕಟ್ಟುತ್ತಾರೆ, ಬ್ಯಾನರ್ ಹೇಗಾದರೂ ಇರಲೇಬೇಕು ಎಂದು ಆಗ ವಾದಿಸಿದವನು ನಾನು.

“ನಿಂದ್ ಯಾವ ಪಕ್ಷನೋ?” ಎಂದರು ಮೇಡಂ. ನಿಜಕ್ಕೂ ನನಗೆ ತಿಳಿದಿರಲಿಲ್ಲ.

ಕೊನೆಗೆ ಬ್ಯಾನರ್ ಪಾಠದ ಕೆಳಕ್ಕೆ ಇಳಿಯಿತು. ‘ಈ ವಾರ’ವೂ ಹೋಯಿತು, ‘ನಿಂತುಹೋಗುತ್ತವೆ’ಯೂ ಹೋಯಿತು. ಮೇಲ್ಗಡೆ ಮೇಡಂ ತಮ್ಮದೇ ದನಿಯಲ್ಲಿ ಒಂದು ಮಾತು ಓದಿ ಹಾಕಿದರು: ‘ನಿಮ್ಮ ಪರೀಕ್ಷೆ ಮುಗಿಯುವವರೆಗೂ ಪಾಠಗಳು ಇಲ್ಲೇ ಇರುತ್ತವೆ.’ ಅದೂ ಮುಂದೆ ಆಗಬೇಕಾದದ್ದನ್ನು ಈಗಲೇ ಹೇಳಿದ ಮಾತೇ. ನಾನು ತಕರಾರು ತೆಗೆಯಲಿಲ್ಲ.

ಬೀಚನಹಳ್ಳಿಯ ಅಕ್ಕ ಮೊನ್ನೆ ಮತ್ತೆ ಫೋನು ಮಾಡಿದ್ದರು. “ಇಳುಸ್ಕೊಳಾದ್ ಬುಟ್ಬುಟ್ಟೆ ಕಣ್ತಮ್ಮ. ಈಗ ಅವರೆಕಾಯಿ ಸುಲಿತಾ ಕೂತ್ಕೊಂಡು ಕೇಳ್ತೀನಿ.” ಪದ್ಯದ ಅರ್ಧ ಬಾಯಿಗೆ ಬಂದಿದೆಯಂತೆ; ಎರಡು ಸಾಲು ಹೇಳಿಯೂ ತೋರಿಸಿದರು. ಬಾಡಿಗೆಗೆ ಇನ್ನು ಯಾರ ಬಾಗಿಲು ತಟ್ಟುವುದೆಂದು ಈ ಭಾನುವಾರ ನಾವು ಮತ್ತೆ ಸೇರುತ್ತಿದ್ದೇವೆ. ಜಗಳ ಅಂತೂ ಆಗುತ್ತದೆ.