ಮಗ್ಗ ಸುಮ್ಮನಾದಾಗ

ಹೋದ ಬೇಸಿಗೆಯಲ್ಲಿ ಬಾಗಲಕೋಟೆಯ ದವಾಖಾನೆಯವರು ನನ್ನ ಯಜಮಾನರ ಹೃದಯಕ್ಕೆ ಸ್ಟೆಂಟ್ ಹಾಕಿ ಇಳಕಲ್ಲಿಗೆ ಕಳಿಸಿದರು. ಬೇನೆ ನನಗೆ ಹತ್ತಿತು. ಅವರು ಕೆಮ್ಮಿದರೆ ನನ್ನ ಕೈಕಾಲು ತಣ್ಣಗಾಗುತ್ತಿದ್ದವು. ಬೆವರಿದರಂತೂ ಮುಗಿದೇ ಹೋಯಿತು. ಬೇಸಿಗೆಯಲ್ಲಿ ಇಳಕಲ್ಲಿನಲ್ಲಿ ಬೆವರದವರು ಯಾರಿದ್ದಾರೆ ಎನ್ನುವ ಬುದ್ಧಿಯೂ ನನಗೆ ಉಳಿದಿರಲಿಲ್ಲ.

ಬಾದಾಮಿಯಿಂದ ನನ್ನ ಅಕ್ಕ ಬಂದು ನೋಡಿ, "ಹಿಂಗಾದ್ರ ಅವರಕಿಂತ ಮೊದ್ಲ ನೀನ ಹೋಗ್ತಿ" ಎಂದು ಬೈದಳು. ಅವಳು ಶಿಬಿರಕ್ಕೆ ಹೋಗಿ ಬುದ್ಧನ ಧ್ಯಾನ ಕಲಿತು ಬಂದವಳು. ನನ್ನನ್ನು ಗೋಡೆಗೆ ಒರಗದಂತೆ ಕೂಡಿಸಿ ಹೇಳಿದಳು: "ಉಸಿರು ಬರ್ತೈತಿ, ಹೋಗ್ತೈತಿ. ಬರೇ ನೋಡು. ಜಗ್ಗಬ್ಯಾಡ, ತಡಿಬ್ಯಾಡ. ಸಪ್ಪಳ ಕೇಳಿದ್ರ ಕೇಳ್ತು ಅಂತ ತಿಳ್ಕೊ, ನಿಂತ್ರ ನಿಂತ್ತು ಅಂತ ತಿಳ್ಕೊ. ಬೆನ್ನ ಹತ್ತಬ್ಯಾಡ."

ಹೇಳುವುದು ಸುಲಭ. ನಮ್ಮ ಮನೆಯಲ್ಲಿ ಇರುವುದೇ ಒಂದು ಸಪ್ಪಳ, ಅವರ ಕೈಮಗ್ಗದ್ದು. ಡಾಕ್ಟರು ಹಗುರ ಕೆಲಸ ಮಾಡಬಹುದು ಎಂದಿದ್ದೇ ತಡ, ಮಗ್ಗ ಹಗುರ ಕೆಲಸವೇ ಎಂದು ತಾವೇ ತೀರ್ಮಾನಿಸಿ ಮಗ್ಗದ ಕೆಳಗಿನ ಕುಣಿಗೆ ಕಾಲು ಇಳಿಬಿಟ್ಟು ಕೂತಿದ್ದರು. ನಾನು ಪಕ್ಕದ ಕೋಣೆಯಲ್ಲಿ ಕಣ್ಣು ಮುಚ್ಚಿದರೆ ಲಾಳಿ ಆಚೆ ಹೋದದ್ದು, ಈಚೆ ಬಂದದ್ದು ಕೇಳುತ್ತಿತ್ತು. ಅಕ್ಕ ಹೇಳಿದ ಉಸಿರನ್ನು ಬಿಟ್ಟು ಇದನ್ನೇ ಹಿಡಿದೆ. ಮಗ್ಗ ಬಡಿಯುವವರೆಗೆ ಅವರು ಇದ್ದಾರೆ. ಎಂಥ ಧ್ಯಾನವೋ!

ಆದರೆ ಮಗ್ಗ ನಿಲ್ಲುತ್ತದಲ್ಲ. ಎಳೆ ಹರಿದರೆ ನಿಲ್ಲುತ್ತದೆ, ಅವರು ನೀರು ಕುಡಿದರೆ ನಿಲ್ಲುತ್ತದೆ. ಪ್ರತಿ ಸಲವೂ ನಾನು ನಿರಿಗೆ ತುಳಿದುಕೊಂಡು ಓಡಿ ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದೆ.

"ಅದೀನಿ, ಅದೀನಿ. ಹೋಗಿ ನಿನ್ನ ಬುದ್ಧನ ಮುಂದ ಕುಂದ್ರು" ಎಂದು ಅವರು ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು.

ಶ್ರಾವಣದ ಒಂದು ಮುಂಜಾನೆ ಮಗ್ಗ ನಿಂತಿತು. ಅವತ್ತು ಅವರು ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೂಡಿಸುವವರಿದ್ದರು. ಒಂದೊಂದೇ ಎಳೆಗೆ ಕೊಂಡಿ ಹಾಕುವ ಆ ಕೆಲಸಕ್ಕೆ ಸಪ್ಪಳವೇ ಇಲ್ಲ. ಚಹಾ ಕುಡಿಯುವಾಗ ಅವರೇ ಹೇಳಿದ್ದರು, ನನಗೆ ಗೊತ್ತಿತ್ತು. ಆದರೂ ಎದೆ ಡವಡವ ಅನ್ನತೊಡಗಿತು. ಏಳಬೇಡ ಅಂದುಕೊಂಡೆ. ಹೆದರಿಕೆ ಬಂದು ಎದೆಯಲ್ಲೇ ಕೂತಿತು. ನೋಡಿದೆ. ಉಸಿರು ಒರಟಾಗಿ ಬಂದು ಹೋಗುತ್ತಿತ್ತು, ಅದನ್ನೂ ನೋಡಿದೆ. ಎಷ್ಟು ಹೊತ್ತಾಯಿತೋ, ಉಸಿರು ತೆಳ್ಳಗಾಯಿತು. ದವಾಖಾನೆಯಿಂದ ಬಂದ ಮೇಲೆ ಮೊದಲ ಸಲ ನಾನು ಅವರನ್ನು ಮರೆತಿದ್ದೆ.

ಯಾರೋ ಭುಜ ಹಿಡಿದು ಜೋರಾಗಿ ಅಲುಗಾಡಿಸಿದರು. ಕಣ್ಣು ಬಿಟ್ಟರೆ ಅವರೇ. ಮುಖ ಬಿಳಿಚಿಕೊಂಡಿತ್ತು.

"ಇವತ್ಯಾಕ ಓಡಿ ಬರ್ಲಿಲ್ಲ ನೀ? ಕರದ್ರೂ ಓ ಅನ್ಲಿಲ್ಲ. ಮೂಗಿಗೆ ಬೆರಳ ಹಿಡದ ನೋಡೇನಿ."

ಮೂಗಿನ ಕೆಳಗೆ ಮುಟ್ಟಿಕೊಂಡೆ. ಎಳೆ ಹೊಸೆಯಲು ಅವರು ಬೆರಳಿಗೆ ಹಚ್ಚಿಕೊಳ್ಳುವ ಬೂದಿ ಅಲ್ಲಿ ಮೆತ್ತಿತ್ತು. ಇಷ್ಟು ದಿನ ನಕ್ಕವರು ಇವರೇ. ಅವರ ಎದೆಯ ಮೇಲೆ ಕೈ ಇಟ್ಟೆ, ಮಗ್ಗ ನಿಂತಾಗಲೆಲ್ಲ ನನ್ನದು ಹೊಡೆದುಕೊಳ್ಳುತ್ತಿದ್ದಂತೆಯೇ ಹೊಡೆದುಕೊಳ್ಳುತ್ತಿತ್ತು.

"ಕುಂದರ್ರಿ" ಅಂದೆ. "ಕಣ್ಣ ಮುಚ್ರಿ. ಉಸಿರು ಬರ್ತೈತಿ, ಹೋಗ್ತೈತಿ. ಬರೇ ನೋಡ್ರಿ."

ಅವರು ಹುಡುಗರ ಹಾಗೆ ಕಣ್ಣು ಮುಚ್ಚಿದರು. ನಾನು ಮುಚ್ಚಲಿಲ್ಲ. ಅವರ ಉಸಿರು ಬರುವುದನ್ನು, ಹೋಗುವುದನ್ನು ನೋಡುತ್ತ ಕೂತೆ.