ಕೂಗುಮಾರಿಗೆ ಕೇಳಿಸಿದ ದನಿ

ಅವನ ಸುದ್ದಿ ಮೊದಲ ಸಲ ಕಿವಿಗೆ ಬಿದ್ದ ದಿನ ಗುಂಡಿ ಅಜ್ಜಿ ಬಾಯಲ್ಲಿದ್ದ ಗುಂಡಿಯೊಂದನ್ನು ನುಂಗುವುದರಲ್ಲಿದ್ದಳು. ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ, ಕಿತ್ತುಹೋದ ಗುಂಡಿಗಳನ್ನು ಮತ್ತೆ ಹೊಲಿಯುವುದು ಅವಳ ಕೆಲಸ. ಗಂಡ ತೀರಿಕೊಂಡ ವರ್ಷ ಹಿಡಿದ ಸೂಜಿಯನ್ನು ಅವಳು ಇನ್ನೂ ಕೆಳಗಿಟ್ಟಿರಲಿಲ್ಲ. ಗುಂಡಿಗಳನ್ನು ದವಡೆಯಲ್ಲಿ ಒತ್ತಿಕೊಂಡೇ ಮಾತಾಡುವುದು ಅವಳಿಗೆ ರೂಢಿ. ಆದರೆ ನಗುವುದು ರೂಢಿಯಾಗಿರಲಿಲ್ಲ.

"ನಾಳೆಯಿಂದ ಪೀಪಾಯಿಗೆ ಹೊಸಬ ಬರ್ತಾನಂತೆ," ಎಂದಳು ಎದುರಿನ ಮೇಜಿನಲ್ಲಿ ಹಾಸುಬಟ್ಟೆ ಮಡಿಸುತ್ತಿದ್ದವಳು. "ಗಂಟಲು ಅಂದ್ರೆ ಗಂಟಲು. ಹಿಂದೆ ಇದ್ದ ಕಡೆ ಅವನು ಒಂದು ಸಲ ಕೂಗಿದ್ರೆ ಪಕ್ಕದ ಬೀದಿ ಕೂಸು ಎದ್ದು ಅಳ್ತಿತ್ತಂತೆ."

"ಹಾಗಾದ್ರೆ ನಮ್ಮ ಮೇಲ್ವಿಚಾರಕರೂ ಎದ್ದಾರು ಬಿಡೇ," ಎಂದಳು ಅಜ್ಜಿ. ಆ ಮಾತಿಗೆ ತನಗೇ ನಗು ಬಂದು ಗುಂಡಿ ಗಂಟಲಿಗಿಳಿಯಿತು. ಬೆನ್ನಿಗೆ ಗುದ್ದಿಸಿಕೊಂಡು ಬದುಕಿದಳು.

ಪೀಪಾಯಿ ಎಂದರೆ ಬಟ್ಟೆ ಒಣಗಿಸುವ ಕಬ್ಬಿಣದ ದೊಡ್ಡ ಡ್ರಮ್ಮು. ಅಂಥವು ಅಲ್ಲಿ ಸಾಲಾಗಿದ್ದವು. ಆಳು ಬಗ್ಗಿ ಹೊಕ್ಕರೆ ಒಳಗೆ ಕೂರಬಹುದು. ಗೋಡೆಗೆ ಅಂಟಿದ ನೂಲಿನ ಜುಂಗನ್ನು ಕೆರೆಯಲು ಆಗಾಗ ಯಾರಾದರೂ ಹೊಗಲೇಬೇಕು. ಅದಕ್ಕೇ ಅಲ್ಲೊಂದು ಕ್ರಮ ಇತ್ತು. ಚಾಲೂ ಮಾಡುವವನು ಅಂಗೈಯಿಂದ ಡ್ರಮ್ಮನ್ನು ಬಡಿದು, "ಒಳಗ್ಯಾರು?" ಎಂದು ಕೂಗಿ, ಒಂದು ಉಸಿರು ಕಾಯಬೇಕು. ಉತ್ತರ ಬರದಿದ್ದರೆ ಸ್ವಿಚ್ಚು ಹಾಕಬೇಕು. ಒಳಗೆ ಆಳಿದ್ದರೆ ಚಾಲೂ ಆಗದಂತೆ ಬೀಗವಿರುವ ಹೊಸ ಯಂತ್ರ ಬೇರೆ ಕಡೆ ಬಂದಿತ್ತು, ಇಲ್ಲಿಗೆ ಬಂದಿರಲಿಲ್ಲ.

ಹೊಸಬ ಬಂದ, ಬಡಿದ, ಕೂಗಿದ. ಮಡಿಸುವವರ ಕೈಯಿಂದ ಬಟ್ಟೆ ಜಾರಿತು. ಅಂದು ಮಧ್ಯಾಹ್ನದೊಳಗೆ ಅವನಿಗೆ ಕೂಗುಮಾರಿ ಎಂಬ ಹೆಸರು ಬಿತ್ತು.

ಅದೇ ವಾರ ಅವನು ಅಜ್ಜಿ ಇದ್ದ ಮಹಡಿಯಲ್ಲೇ ಎದುರು ಕೋಣೆಗೆ ಬಾಡಿಗೆಗೆ ಬಂದ. ಲಾಂಡ್ರಿಯ ಹೊರಗೆ ಅವನ ದನಿ ಬೆಕ್ಕಿನ ಹೆಜ್ಜೆಯಷ್ಟು ಮೆತ್ತಗೆ. ಬ್ರೆಡ್ಡು ಸುಡುವ ಅಂಗಡಿಯಲ್ಲಿ ದುಡಿಯುತ್ತಿದ್ದ ಹೆಂಡತಿಗೇ ಅವನ ಪಾಲಿನ ನಾಲಿಗೆಯೂ ಸೇರಿ ಬಂದಂತಿತ್ತು. "ಗಂಟಲೆಲ್ಲ ಲಾಂಡ್ರಿಗೆ ಕೊಟ್ಟು ಬರ್ತಾರೆ ಅಜ್ಜಿ, ಮನೆಗೆ ಉಳಿಯೋದು ಕೆಮ್ಮು ಮಾತ್ರ," ಎನ್ನುತ್ತಿದ್ದಳು. ಅವನು ನಕ್ಕು, ಬಡಿದೂ ಬಡಿದೂ ಹಲಗೆಯಾಗಿದ್ದ ಅಂಗೈಯನ್ನು ಮೊಣಕಾಲಿಗೆ ಉಜ್ಜಿಕೊಳ್ಳುತ್ತಿದ್ದ. ಯಾರ ನಲ್ಲಿ ಸೋರಿದರೂ ಕರೆಯುವ ಮೊದಲೇ ಬಂದು ಬಿಗಿ ಮಾಡುತ್ತಿದ್ದ. ಕೂತಲ್ಲೇ ತೂಕಡಿಸುವ ಅಜ್ಜಿಯ ಒಲೆಯನ್ನು ಅವನೆಷ್ಟು ಸಲ ಆರಿಸಿದ್ದನೋ.

ಆ ಸುಖ ಹೆಚ್ಚು ದಿನ ಉಳಿಯಲಿಲ್ಲ. ಜುಂಗು ಕೆರೆಯಲು ಹೋಗುತ್ತಿದ್ದವಳು ಒಬ್ಬ ಸಣ್ಣ ಆಳಿನ ಹೆಂಗಸು, ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಗುಬ್ಬಿ ಒಳಗಿದ್ದಾಗಲೇ ಪೀಪಾಯಿ ತಿರುಗಿತು. ಧೊಪ್ಪೆಂಬ ಸದ್ದಿಗೆ ಕೂಗುಮಾರಿ ತಕ್ಷಣ ನಿಲ್ಲಿಸಿ, ಅರ್ಧ ಮೈ ಒಳಗೆ ತೂರಿಸಿ ಅವಳನ್ನು ಎಳೆದ. ತೋಳು ಮುರಿದಿತ್ತು, ಮೈ ಬೆಂದಿತ್ತು, ಎಚ್ಚರ ಇರಲಿಲ್ಲ.

ಅಂದು ಸಂಜೆ ಅವನು ಮನೆಯೊಳಗೆ ಹೋಗದೆ ಅಜ್ಜಿಯ ಬಾಗಿಲ ಮುಂದಿನ ಮೆಟ್ಟಿಲಿನಲ್ಲಿ ಕೂತ. ಅಜ್ಜಿ ನೀರು ಕೊಟ್ಟಳು. ಕುಡಿಯಲಿಲ್ಲ.

"ಬಡಿದೆ ಅಜ್ಜಿ. ಕೂಗಿದೆ. ಕಾದೆ. ಒಳಗಿಂದ ಏನೂ ಬರಲಿಲ್ಲ. ಸ್ವಿಚ್ಚು ಹಾಕಿದೆ."

ಇಷ್ಟೇ ಮಾತು. ಅದನ್ನು ಕೇಳಿಸಿಕೊಂಡವಳು ಅವಳೊಬ್ಬಳೇ. ಹೆಂಡತಿ ಇನ್ನೂ ಅಂಗಡಿಯಲ್ಲಿದ್ದಳು.

ಮಾರನೆಯ ದಿನ ಮೇಲ್ವಿಚಾರಕರು ಅವನನ್ನು ಗುಂಡಿ ಹೊಲಿಯುವ ಕೋಣೆಗೇ ಕರೆಸಿದರು. ಅವರ ಕೋಣೆಯಲ್ಲಿ ಪೊಲೀಸರು ಕೂತಿದ್ದರು. "ವಿಚಾರಣೆ ಆಗುತ್ತೆ. ಅದಕ್ಕೆ ಮೊದಲು ನಾವು ಸರಿಯಾಗಿ ತಿಳ್ಕೊಂಡಿರ್ಬೇಕು. ಅವಳು ಓಗೊಟ್ಟಾಗ ದನಿ ಜೋರಾಗಿತ್ತಾ, ಮೆಲ್ಲಗಿತ್ತಾ?"

"ಓಗೊಡಲಿಲ್ಲ, ಸಾರ್."

"ಇಷ್ಟು ಬೇಗ ಹೇಳ್ಬೇಡಪ್ಪ. ಮನೆಗೆ ಹೋಗಿ ಕಣ್ಣು ಮುಚ್ಚಿ ಕೂತು ನೆನಪು ಮಾಡ್ಕೋ. ಬರುತ್ತೆ."

ಅವರು ಬೇಕೆಂದೇ ಹಾಗೆ ಕೇಳಿದರೋ, ಬಾಯಿತಪ್ಪಿ ಕೇಳಿದರೋ, ಅಜ್ಜಿಗೆ ತಿಳಿಯಲಿಲ್ಲ. ಗಾಯದ ಮೇಲೆ ನೊಣ ಕೂತಂತೆ ಆ ಪ್ರಶ್ನೆ ಅವನ ಮೇಲೆ ಕೂತದ್ದನ್ನು ಮಾತ್ರ ಅವಳು ಕಂಡಳು.

ಅವನು ಹೇಳಿದಂತೆ ಕೇಳುವ ಮನುಷ್ಯ. ದಿನಾ ಸಂಜೆ ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದ. ಒಂದು ದಿನ, "ಏನೋ ಒಂದು ಕೇಳಿಸಿದ ಹಾಗೆ ಇತ್ತಾ ಅಂತ," ಎಂದ. ಇನ್ನೊಂದು ದಿನ, "ಸಣ್ಣ ದನಿ ಅಜ್ಜಿ, ಮಗೂದು ಇದ್ದ ಹಾಗೆ," ಎಂದ. ಮುಂದಿನ ವಾರ ಮೆಟ್ಟಿಲಿನಲ್ಲಿ ಅಜ್ಜಿಯ ಕೈ ಹಿಡಿದು ನಿಲ್ಲಿಸಿದ.

"'ಅಣ್ಣಾ, ತಡಿ' ಅಂದ್ಳು. ನಾನು ಕೇಳಿಸ್ಕೊಂಡೆ. ಕೇಳಿಸ್ಕೊಂಡೂ ಸ್ವಿಚ್ಚು ಹಾಕ್ದೆ."

"ಮೊದಲ ಸಂಜೆ ನೀನು ಹೀಗೆ ಹೇಳಲಿಲ್ಲಪ್ಪ."

"ಆಗ ನೆನಪಿರಲಿಲ್ಲ. ಈಗ ಬಂತು. ಅಂಗೈ ಡ್ರಮ್ಮಿನ ಮೇಲೇ ಇತ್ತು, ದನಿ ಅಂಗೈಗೂ ತಗುಲ್ತು."

ಸುಳ್ಳು ಹೇಳುವವನ ಮುಖ ಅವಳು ಬಲ್ಲಳು. ಗಂಡನನ್ನು ಸಾಕಿ ಸಲಹಿದವಳು. ಇದು ಆ ಮುಖವಲ್ಲ. ಕಂಡದ್ದನ್ನು ಹೇಳುವವನ ಮುಖ.

ಮನೆಯಲ್ಲಿ ಅವನು ಕಪಾಟು ಮುಚ್ಚುವ ಮೊದಲು ಬಡಿಯತೊಡಗಿದ. ಪೆಟ್ಟಿಗೆಯನ್ನು ಬಡಿದ, ಬಚ್ಚಲ ಬಾಗಿಲನ್ನು ಬಡಿದ. "ಈ ಮನೇಲಿ ಇಲಿ ಬಿಟ್ರೆ ಇನ್ಯಾರಿದಾರೆ ರೀ?" ಎಂದು ಹೆಂಡತಿ ಮೊದಲು ರೇಗಿದಳು. ಆಮೇಲೆ ರೇಗುವುದನ್ನೂ ಬಿಟ್ಟಳು. ಒಂದು ಬೆಳಿಗ್ಗೆ ಅಜ್ಜಿಯ ಕೋಣೆಗೆ ಬಂದು ಸೆರಗು ಹಿಂಡುತ್ತ ನಿಂತಳು. "ವಿಚಾರಣೇಲಿ ಹಾಗೇ ಹೇಳ್ತಾರಂತೆ. ಕೇಳಿಸ್ಕೊಂಡು ಸ್ವಿಚ್ಚು ಹಾಕ್ದೆ ಅಂದವನನ್ನ ಯಾರು ಬಿಡ್ತಾರೆ ಅಜ್ಜಿ? ಜೈಲೇ. ಮೇಲ್ವಿಚಾರಕರು ಬಾಯಿ ಬಿಡೋಲ್ಲ. ಮೊದಲ ದಿನ ನಮ್ಮವರು ಏನಂದ್ರು ಅಂತ ಹೇಳೋಕೆ ಇರೋದು ನೀವೊಬ್ಬರೇ."

ಗುಬ್ಬಿಗೆ ಎಚ್ಚರ ಬಂದ ಸುದ್ದಿ ಕೇಳಿ ಅಜ್ಜಿ ಆಸ್ಪತ್ರೆಗೆ ಓಡಿದಳು. ಅವಳೊಂದು ಮಾತು ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂಬ ಆಸೆ. ಗುಬ್ಬಿ ಬ್ಯಾಂಡೇಜಿನೊಳಗಿಂದ ಕಣ್ಣು ಪಿಳುಕಿಸಿದಳು. ಅಂದಿನದು ಅವಳಿಗೇನೂ ನೆನಪಿರಲಿಲ್ಲ.

"ಆದ್ರೆ ಮಡಿಸೋರು ಬಂದಿದ್ರು ಅಜ್ಜಿ. ನಾನು 'ಅಣ್ಣಾ, ತಡಿ' ಅಂದ್ನಂತೆ, ಅವರೇ ಹೇಳಿದ್ರು. ಅಂದಿರ್ಬೇಕು. ಯೋಚನೆ ಮಾಡ್ತಾ ಮಾಡ್ತಾ ನಂಗೂ ಸ್ವಲ್ಪ ಸ್ವಲ್ಪ ಬರ್ತಿದೆ. ಒಳಗೆ ಕತ್ತಲೆ, ನಾನು ಕೂಗ್ತಿದ್ದೀನಿ."

ಅಜ್ಜಿ ಮಂಚದ ಕಂಬಿ ಹಿಡಿದುಕೊಂಡಳು. ಮೇಲ್ವಿಚಾರಕರ ಒಂದೇ ಪ್ರಶ್ನೆ ಕೂಗುಮಾರಿಯ ಬಾಯಿಂದ ಮಡಿಸುವವರ ಬಾಯಿಗೆ, ಅಲ್ಲಿಂದ ಈ ಹಾಸಿಗೆಗೆ ಬಂದು, ಇಬ್ಬರು ಕಂಡ ಸತ್ಯವಾಗಿ ಕೂತಿತ್ತು. ಇನ್ನು ಯಾರು ನಂಬುವುದಿಲ್ಲ?

ಹೊರಗೆ ಬರುವಾಗ ದಾದಿಯೊಬ್ಬಳು ಪಕ್ಕದಲ್ಲಿ ಬಂದು, "ಇವರಿಗೆ ಕಿವಿ ನೋವಿತ್ತಾ ಅಜ್ಜಿ? ಕರ್ಕೊಂಡ್ ಬಂದ ದಿನ ಎರಡೂ ಕಿವಿಯಿಂದ ಹತ್ತಿ ತೆಗೆದೆ. ಬೆಣೆ ಹೊಡೆದ ಹಾಗೆ ತುರುಕಿಕೊಂಡಿದ್ರು," ಎಂದಳು.

ಅಜ್ಜಿ ನಡೆಯುವುದನ್ನು ನಿಲ್ಲಿಸಿದಳು. ಕೂಗುಮಾರಿಯ ಬಡಿತ ಹೊರಗಿನವರಿಗೇ ಎದೆ ನಡುಗಿಸುತ್ತಿತ್ತು. ಪಕ್ಕದ ಪೀಪಾಯಿ ಬಡಿದಾಗ, ಕಬ್ಬಿಣದೊಳಗೆ ಕೂತವಳಿಗೆ ಹೇಗಾಗಿರಬೇಕು! ಸದ್ದು ತಡೆಯಲಾರದೆ ಗುಬ್ಬಿ ಹತ್ತಿ ತುರುಕಿಕೊಂಡಿದ್ದಾಳೆ, ತುರುಕಿಕೊಂಡದ್ದನ್ನೂ ಮರೆತಿದ್ದಾಳೆ. ಬಡಿತ ಮೈಗೆ ತಗುಲಿದರೂ ಪಕ್ಕದ್ದೆಂದುಕೊಂಡಾಳು. ಕರೆಯೇ ಕೇಳಿಸದವಳು ಯಾವುದಕ್ಕೆ ಓಗೊಟ್ಟಾಳು?

ಮೆಟ್ಟಿಲು ಹತ್ತುತ್ತ ಅಜ್ಜಿ ಎದುರು ಸಿಕ್ಕ ಕೂಗುಮಾರಿಯ ಹೆಂಡತಿಗೆ ಹೇಳಿದಳು: "ಹೆದರಬೇಡ ಕಣೇ. ಮೊದಲ ಸಂಜೆ ಅವನು ಆಡಿದ ಮಾತು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಆ ನೀಲಿ ಅಂಗಿಯಲ್ಲಿ ಇಲ್ಲೇ ಕೂತಿದ್ದ."

"ನೀಲಿ ಅಂಗಿ ಇರಲಿಲ್ಲವಲ್ಲ ಅಜ್ಜಿ. ಅದನ್ನ ಗುಬ್ಬಿ ಕೈಗೆ ಸುತ್ತಿ ಕಳಿಸಿದ್ರಲ್ಲ. ನಾನು ಅಂಗಡಿಯಿಂದ ಬಂದಾಗ ಬನಿಯನ್ನಿನಲ್ಲೇ ಕೂತಿದ್ರು, ನಾನೇ ನೋಡ್ದೆ."

ಅಜ್ಜಿ ಕೋಣೆಗೆ ಬಂದು ಬಾಗಿಲು ಹಾಕಿ ಕೂತಳು. ಅಂಗಿ ಅವಳ ಕಣ್ಣಿಗೆ ಈಗಲೂ ನೀಲಿಯಾಗಿಯೇ ಕಾಣುತ್ತಿತ್ತು. ಮೇಲಿನ ಗುಂಡಿ ಸಡಿಲಾದದ್ದೂ ಕಾಣುತ್ತಿತ್ತು. ಅಕ್ಷರ ಹೆಚ್ಚು ಕಲಿಯದವಳಿಗೆ ನೆನಪೇ ಆಸ್ತಿ. ಮದುವೆಯ ದಿನ, ಗಂಡನ ಕೊನೆಯ ಮಾತು, ತಾಯಿಯ ಮುಖ, ಎಲ್ಲವನ್ನೂ ಅವಳು ಆ ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದಳು. ಇಲ್ಲದ ಅಂಗಿಯನ್ನು ತೊಡಿಸಿದ ಮನಸ್ಸು, ಇಲ್ಲದ ಮಾತನ್ನೂ ಆಡಿಸಿರಬಹುದಲ್ಲ? ಗಂಡನ ಮಾತುಗಳಲ್ಲಿ ಎಷ್ಟು ಅವನವು, ಎಷ್ಟು ತನ್ನವು?

ವಿಚಾರಣೆಯ ಕೋಣೆಯಲ್ಲಿ ಅವಳು ಇದ್ದದ್ದನ್ನು ಇದ್ದಂತೆ ಹೇಳಿದಳು. ಅಂಗಿಯ ಬಣ್ಣ ತಪ್ಪಾಗಿ ನೆನಪಿದೆ, ಮಾತು ಸರಿಯಾಗಿದೆ ಎಂದುಕೊಂಡಿದ್ದೇನೆ, ಆಣೆ ಮಾಡಲಾರೆ ಎಂದಳು. ಮೇಲ್ವಿಚಾರಕರು ಸಣ್ಣಗೆ ನಕ್ಕರು. "ನನ್ನ ಮಾತು ಬಿಡಿ," ಎಂದಳು ಅಜ್ಜಿ, "ಕಿವಿಯಿಂದ ಹತ್ತಿ ತೆಗೆದ ಆ ದಾದಿಯನ್ನ ಕರೆಸಿ ಕೇಳಿ."

ಕರೆಸಿದರು. ದಾದಿ ಹೇಳಿದಳು. ವಿಚಾರಣೆಯ ಅಧಿಕಾರಿ, ಇಂಥ ಯಂತ್ರಕ್ಕೆ ಬೀಗ ಯಾಕಿರಲಿಲ್ಲ ಎಂದು ಮೇಲ್ವಿಚಾರಕರ ಕಡೆ ತಿರುಗಿದರು. ನಗು ಅಲ್ಲಿಗೆ ನಿಂತಿತು. ಕೂಗುಮಾರಿಯ ಮೇಲೆ ತಪ್ಪು ನಿಲ್ಲಲಿಲ್ಲ.

ಹೆಂಡತಿ ಅಜ್ಜಿಯ ಕಾಲು ಹಿಡಿಯಲು ಬಂದಳು. ಅವನು ಮಾತ್ರ ದೂರದ ಬೆಂಚಿನಲ್ಲೇ ಕೂತಿದ್ದ. ಹತ್ತಿಯ ವಿಷಯ ಅವನು ಪೂರ್ತಿ ನಂಬಿದ. ಆದರೂ ದನಿ ಕೇಳಿಸುವುದು ನಿಲ್ಲಲಿಲ್ಲ. ಅದಕ್ಕೂ ಹತ್ತಿಗೂ ಸಂಬಂಧವೇ ಇಲ್ಲವೆಂಬಂತೆ ದಿನಾ 'ಅಣ್ಣಾ, ತಡಿ' ಎನ್ನುತ್ತಿತ್ತು. ಪೀಪಾಯಿ ಇರುವ ಕಡೆ ಅವನಿಂದ ನಿಲ್ಲಲಾಗಲಿಲ್ಲ. ಹೆಂಡತಿಯ ಅಕ್ಕನ ಊರಿನಲ್ಲಿ ಗಿಡಕ್ಕೆ ನೀರು ಹಾಯಿಸುವ ಕೆಲಸ ಸಿಕ್ಕಿತು. ಸಾಮಾನೆಲ್ಲ ಗಾಡಿಗೇರಿದ ಮೇಲೆ ಅವನೊಬ್ಬನೇ ಮತ್ತೆ ಮೇಲೆ ಬಂದು ಅಜ್ಜಿಯ ಹೊಸ್ತಿಲ ಹೊರಗೆ ನಿಂತ.

"ನನ್ನ ಹತ್ರ ಇದ್ದದ್ದು ಹಾಳಾಗಿಹೋಯ್ತು ಅಜ್ಜಿ. ದಿನಾ ನೆನೆಸ್ಕೊಂಡು, ತಿರುವಿ ತಿರುವಿ ನಾನೇ ಹಾಳು ಮಾಡ್ಕೊಂಡೆ. ನಾನು ಕೇಳಿಸ್ಕೊಳ್ಳಲಿಲ್ಲ ಅನ್ನೋ ಆ ಸಂಜೆ ಈಗ ಇರೋದು ನಿಮ್ಮೊಬ್ಬರ ಹತ್ರ."

"ಇರುತ್ತೆ ಬಿಡಪ್ಪ. ನಾನು ದಿನಾ ನೆನೆಸ್ಕೊಳ್ತೀನಿ."

ಅವನ ಮುಖ ಬಿಳುಚಿತು.

"ಬೇಡ. ನಿಮ್ಮ ದಮ್ಮಯ್ಯ, ನೆನೆಸ್ಕೋಬೇಡಿ. ಎಲ್ಲಿದೆಯೋ ಅಲ್ಲೇ ಬಿಟ್ಬಿಡಿ. ನಾನೇ ಬಂದು ಕೇಳಿದ್ರೂ ತೆಗೀಬೇಡಿ."